ಫೌಜದಾರಕಿಗೆ ಬಂದ ಹೆಣ್ಣುಮಕ್ಕಳು

ನಮ್ಮ ಸೀಮೆಯಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರರನ್ನು ಇಂದಿಗೂ ‘ಫೌಜದಾರ’ರೆಂದೂ ಹೆಡ್ ಕಾನ್‌ಸ್ಟೇಬಲರನ್ನು ‘ಜಮಾದಾರ’ರೆಂದೂ ಕರೆಯುವ ರೂಢಿ ಉಳಿದಿದೆ. 1956ರಲ್ಲಿ ಮುಂಬಯಿ ರಾಜ್ಯದ ಆಡಳಿತ ನಮ್ಮನ್ನು ಬಿಟ್ಟು ಹೋಯಿತು. ಅದರ ಶಬ್ದಗಳು ಮಾತ್ರ ಹೋಗಲಿಲ್ಲ. ಕನ್ನಡ ಮತ್ತು ಸಮಾಜ ವಿಜ್ಞಾನ ಎರಡನ್ನೂ ಮೂರು ದಶಕಗಳಿಗೂ ಹೆಚ್ಚು ಕಾಲ ಹೈಸ್ಕೂಲಿನ ಮಕ್ಕಳಿಗೆ ಕಲಿಸಿದವಳಾದ್ದರಿಂದ, ಶಬ್ದವೊಂದು ಕಣ್ಣಿಗೆ ಬಿದ್ದರೆ ಅದರ ಲಿಂಗ, ವಚನ, ಚರಿತ್ರೆಗಳನ್ನು ಕೆದಕುವ ಚಾಳಿ ನನಗೆ ಅಂಟಿಕೊಂಡಿದೆ. ಗೌಡನಿಗೆ ಗೌಡತಿ ಇದ್ದಾಳೆ, ದೇಸಾಯಿಗೆ ದೇಸಾಯಿಣಿ ಇದ್ದಾಳೆ. ಆದರೆ ಗೌಡತಿ ಎಂದರೆ ಗೌಡಿಕೆ ಮಾಡುವವಳಲ್ಲ, ಗೌಡನ ಹೆಂಡತಿ. ಅಧಿಕಾರ ಸೂಚಕ ಶಬ್ದಗಳಿಗೆ ನಮ್ಮ ಜನ ಕಟ್ಟಿಕೊಂಡ ಸ್ತ್ರೀಲಿಂಗಗಳು ಬಹುಮಟ್ಟಿಗೆ ಇಂಥವೇ. ಫೌಜದಾರನಿಗಂತೂ ಅದೂ ಇಲ್ಲ. ಹೆಣ್ಣು ಅಧಿಕಾರಿಯೊಬ್ಬರು ಆ ಕುರ್ಚಿಯಲ್ಲಿ ಬಂದು ಕುಳಿತಾಗ ಊರವರು ‘ಫೌಜದಾರ ಮೇಡಂ’ ಎಂದು ಎರಡು ಪರಭಾಷೆಯ ಪದಗಳನ್ನು ಜೋಡಿಸಿ ಕೆಲಸ ನಡೆಸಿದರು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಈ ಸೀಮೆಯಲ್ಲಿ ಆ ಕುರ್ಚಿಗೆ ಹೆಣ್ಣುಮಕ್ಕಳು ಬಂದ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕುಳಿತರೆ ಮೊದಲು ನೆನಪಾಗುವವರು ರಾಣಿಯರು. ನಮ್ಮಲ್ಲಿ ಇಂಥ ವಿಷಯ ಬಂದೊಡನೆ ಓಬವ್ವ, ಚೆನ್ನಮ್ಮ, ಬೆಳವಡಿ ಮಲ್ಲಮ್ಮರ ಹೆಸರು ಹೇಳಿ ಭಾಷಣ ಮುಗಿಸುವುದು ಪದ್ಧತಿ. ಪೊಲೀಸ್ ಇಲಾಖೆಯೂ ತನ್ನ ಮಹಿಳಾ ಪಡೆಗಳಿಗೆ ಇಂಥ ವೀರಮಾತೆಯರ ಹೆಸರನ್ನೇ ಇಡುತ್ತದೆ. ಇರಲಿ, ಗೌರವದ ಮಾತು. ನಾನೂ ಮೊದಲು ಹಳೆಯ ಕಾಲಕ್ಕೇ ಹೋಗುತ್ತೇನೆ, ಆದರೆ ಬೇರೆ ಕಾರಣಕ್ಕೆ.

ನಮ್ಮ ಜಿಲ್ಲೆಯ ಸೂಡಿ ಗ್ರಾಮವನ್ನು ನೋಡಿದವರಿಗೆ ಅಲ್ಲಿಯ ಜೋಡುಗಳಸದ ಗುಡಿ ಮತ್ತು ನಾಗಕುಂಡ ನೆನಪಿರುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಇದು ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ. ಆ ನಾಡನ್ನು ಆಳಿದವಳು ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ. ಐದನೆಯ ವಿಕ್ರಮಾದಿತ್ಯನಿಗೂ ಇಮ್ಮಡಿ ಜಯಸಿಂಹನಿಗೂ ಸಹೋದರಿ. 1010ರ ಸೂಡಿಯ ಶಾಸನ ಅವಳನ್ನು ಹೆಸರಿಸುತ್ತದೆ. ‘ಗುಣದ ಬೆಡಂಗಿ’ ಎಂಬುದು ಅವಳ ಬಿರುದು. ದತ್ತಿ ಕೊಟ್ಟವಳು, ನಾಡಿನ ಆಡಳಿತ ನಡೆಸಿದವಳು, ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದವಳು. ಇವಳಿಗಿಂತ ನೂರು ವರ್ಷ ಮೊದಲು ಬನವಾಸಿ ಸೀಮೆಯ ನಾಗರಖಂಡದಲ್ಲಿ ಜಕ್ಕಿಯಬ್ಬೆ ಎಂಬಾಕೆ ಗಂಡ ಸತ್ತ ಬಳಿಕ ಅವನ ನಾಳ್ಗಾವುಂಡ ಪದವಿಯನ್ನು ವಹಿಸಿಕೊಂಡು ನಾಡನ್ನು ನೋಡಿಕೊಂಡಳು. ಇವಳು ‘ಗೌಡತಿ’ಯಲ್ಲ, ತಾನೇ ಗಾವುಂಡಳು. ಈ ವ್ಯತ್ಯಾಸವನ್ನು ತರಗತಿಯಲ್ಲಿ ನಾನು ಒತ್ತಿ ಹೇಳುತ್ತಿದ್ದೆ.

ಆದರೂ ಇವರನ್ನು ಇಂದಿನ ಮಹಿಳಾ ಪೊಲೀಸರ ಪೂರ್ವಜರೆಂದು ನಾನು ಒಪ್ಪಲಾರೆ. ಅರಮನೆಯಲ್ಲಿ ಹುಟ್ಟಿದವಳಿಗೆ, ಗಾವುಂಡನ ಮನೆ ಹೊಕ್ಕವಳಿಗೆ ಅಧಿಕಾರ ಮನೆತನದ ಬಾಗಿಲಿನಿಂದ ಬಂತು. ಅಕ್ಕಾದೇವಿಯ ಕೈಕೆಳಗೆ ಸಂತೆಯ ಕಳ್ಳನನ್ನು ಹಿಡಿಯುತ್ತಿದ್ದ ತಳವಾರರು ಗಂಡಸರೇ. ದಿನಗೂಲಿಯವನ ಮಗಳು ಓಡಿ, ಪರೀಕ್ಷೆ ಬರೆದು, ಸಂಬಳ ಎಣಿಸಿ ಠಾಣೆಯಲ್ಲಿ ಕುಳಿತುಕೊಳ್ಳುವುದು ಪೂರ್ತಿ ಬೇರೆಯ ಸಂಗತಿ. ಅದರ ಇತಿಹಾಸವನ್ನು ರಾಣಿಯರ ಕಡೆಯಿಂದಲ್ಲ, ಕಾನೂನಿನ ಕಡೆಯಿಂದ ಹುಡುಕಬೇಕು.

ಕಾನೂನಿನ ಮಾತಿಗೆ ನಮ್ಮ ಲಕ್ಷ್ಮೇಶ್ವರ ಬಹಳ ಹಳೆಯ ಊರು. ಪುಲಿಗೆರೆ, ಪೊರಿಗೆರೆ ಎಂದೆಲ್ಲ ಹೆಸರಾದ ಈ ಪಟ್ಟಣದಲ್ಲಿ ಎಂಟನೆಯ ಶತಮಾನದ ಒಂದು ಶಾಸನ ದೊರೆತಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ‘ಆಚಾರವ್ಯವಸ್ಥೆ’ ಅದು. ರಾಜನ ಅಧಿಕಾರಿಗಳು ಊರವರ ಯಾವ ಹಕ್ಕುಗಳನ್ನು ಕಾಪಾಡಬೇಕು, ಊರವರು ವರ್ಷಕ್ಕೆ ಎಷ್ಟು ತೆರಬೇಕು, ಕಳವು ಮೊದಲಾದ ಅಪರಾಧಗಳ ದಂಡ ಯಾರಿಗೆ ಸೇರಬೇಕು ಎಂಬುದೆಲ್ಲ ಅದರಲ್ಲಿದೆ. ಅಧಿಕಾರಿಗೂ ಮಿತಿಯುಂಟು ಎಂದು ಕಲ್ಲಿನಲ್ಲಿ ಬರೆಸಿದ ಊರು ಇದು! ಇದೇ ಪುಲಿಗೆರೆಯಲ್ಲಿ ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮದೇವಿ ಆನೆಸೆಜ್ಜೆ ಬಸದಿಯನ್ನು ಕಟ್ಟಿಸಿದಳು. ಬಸದಿ ಕಟ್ಟಿಸಲು ಹೆಣ್ಣಿಗೆ ಅಡ್ಡಿಯಿರಲಿಲ್ಲ. ವ್ಯವಸ್ಥೆಯ ಶಾಸನದಲ್ಲಿ ಬರುವವರೆಲ್ಲ ಗಂಡಸರು.

ಸಾವಿರ ವರ್ಷ ದಾಟಿ ಬ್ರಿಟಿಷರ ಕಾಲಕ್ಕೆ ಬರೋಣ. ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ನಮ್ಮ ನಾಲ್ಕು ಊರುಗಳು ಆಗ ಒಂದೇ ಸರಕಾರದ ಕೈಯಲ್ಲಿ ಇರಲಿಲ್ಲ. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಮುಂಡರಗಿಯ ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಮದರಾಸು ಇಲಾಖೆ, ಪೂರ್ವಕ್ಕೆ ಕೊಪ್ಪಳದ ಕಡೆ ನಡೆದರೆ ಹೈದರಾಬಾದಿನ ನಿಜಾಮ. ಎತ್ತು ಕದ್ದವನು ಒಂದೇ ರಾತ್ರಿಯಲ್ಲಿ ಎರಡು ಸರಕಾರಗಳ ಗಡಿ ದಾಟಬಹುದಿತ್ತು. ಶಿರಹಟ್ಟಿಯ ಪೊಲೀಸ ಲಕ್ಷ್ಮೇಶ್ವರದ ಹದ್ದಿನಲ್ಲಿ ಬರಿಯ ದಾರಿಹೋಕ. ಇಷ್ಟು ಸರಕಾರಗಳು, ಇಷ್ಟು ಬಗೆಯ ಪಟ್ಟಿ-ಪಟಕಗಳು, ಇವುಗಳ ನಡುವೆ ಕಾವಲಿನ ಕೆಲಸಕ್ಕೆ ಹೆಣ್ಣನ್ನು ನೇಮಿಸುವ ಯೋಚನೆ ಯಾರಿಗೂ ಬಂದಂತಿಲ್ಲ.

ಹಳ್ಳಿಗಳಲ್ಲಿ ನಿಜವಾದ ಪೊಲೀಸು ಇಲಾಖೆಯವನಲ್ಲ, ಪೊಲೀಸ ಪಾಟೀಲ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆ ಅವನ ಅಧಿಕಾರವನ್ನು ಗೊತ್ತುಪಡಿಸಿತು. ಕೈಕೆಳಗೆ ವಾಲೀಕಾರ, ತಳವಾರ. ಇವೆಲ್ಲ ವತನದ ಹುದ್ದೆಗಳು, ತಂದೆಯಿಂದ ಮಗನಿಗೆ. ಮಗನಿಲ್ಲದಿದ್ದರೆ? ಇಲ್ಲಿಯೇ ಒಂದು ಸೂಕ್ಷ್ಮವಿದೆ. 1886ರಲ್ಲಿ ಮುಂಬಯಿ ಸರಕಾರ ವತನದ ಕಾಯಿದೆಗೆ ತಿದ್ದುಪಡಿ ತಂದು, ಕೊನೆಯ ಗಂಡು ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಮನೆತನದ ಉಳಿದ ಹೆಣ್ಣುಮಕ್ಕಳೆಲ್ಲ ವಾರಸಾ ಹಕ್ಕಿನಲ್ಲಿ ಗಂಡಸರ ಹಿಂದೆ ನಿಲ್ಲಬೇಕೆಂದು ವಿಧಿಸಿತು. ಮಗಳಿಗಿಂತ ದೂರದ ದಾಯಾದಿ ಮುಂದೆ. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನೂ ಚಾಲುಕ್ಯರ ಕಲ್ಯಾಣದವನೇ. ಗಂಡುಸಂತಾನವಿಲ್ಲದೆ ಬೇರೆಯಾಗಿ ಬಾಳಿ ಸತ್ತವನ ಆಸ್ತಿಗೆ ಅವನು ವಿಧವೆಯನ್ನೂ ಅವಳ ಬಳಿಕ ಮಗಳನ್ನೂ ಹೇಳಿದ. ವತನದ ವಿಷಯದಲ್ಲಿ ಬಿಳಿಯ ಸರಕಾರ ಮಗಳನ್ನು ಅವನಿಗಿಂತಲೂ ಹಿಂದಕ್ಕೆ ತಳ್ಳಿತು. ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳು 1963ರಲ್ಲಿ ರದ್ದಾದವು.

ಇನ್ನು ನಗರದ ಠಾಣೆಗೆ ಬರೋಣ. 1898ರ ದಂಡ ಪ್ರಕ್ರಿಯಾ ಸಂಹಿತೆಯ 52ನೆಯ ಕಲಮು ಒಂದೇ ವಾಕ್ಯದ್ದು. ಹೆಂಗಸಿನ ಅಂಗಶೋಧನೆ ಮಾಡಬೇಕಾದಾಗ ಅದನ್ನು ಇನ್ನೊಬ್ಬ ಹೆಂಗಸೇ, ಮಾನಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು ಎಂಬುದು ಅದರ ಸಾರ. ನಾನು ಈ ಕಲಮನ್ನು ಮೊದಲ ಸಲ ಓದಿದಾಗ ಒಂದು ಸರಳ ಪ್ರಶ್ನೆ ಬಂತು. ಆ ಇನ್ನೊಬ್ಬ ಹೆಂಗಸು ಯಾರು? ಠಾಣೆಯಲ್ಲಿ ಇದ್ದವರೆಲ್ಲ ಗಂಡಸರು. ಕಾನೂನು ಹೆಣ್ಣಿನ ಕೈಯನ್ನು ಬೇಡಿತು, ಆದರೆ ಆ ಕೈಗೆ ಸಂಬಳ ಕೊಡಲಿಲ್ಲ. ಹಿರಿಯರಿಂದ ಕೇಳಿ ತಿಳಿದ ಮಟ್ಟಿಗೆ, ಓಣಿಯಿಂದ ಕರೆಸುತ್ತಿದ್ದರು: ಕಚೇರಿ ಕಸ ಗುಡಿಸುವವಳು, ಆಸ್ಪತ್ರೆಯ ಆಯಾ, ಸೂಲಗಿತ್ತಿ. ಬಂದು ಝಡತಿ ಮಾಡಿ, ಪಂಚನಾಮೆಗೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದಳು. ನನ್ನನ್ನು ಕೇಳಿದರೆ ನಮ್ಮ ಮಹಿಳಾ ಪೊಲೀಸರ ನಿಜವಾದ ಪೂರ್ವಜಳು ಈ ಹೆಬ್ಬೆಟ್ಟಿನ ಹೆಂಗಸು. ಅವಳಿಗೆ ಬಿರುದಿಲ್ಲ, ವೃತ್ತದಲ್ಲಿ ಪ್ರತಿಮೆಯೂ ಇಲ್ಲ.

ಸೆರೆಮನೆಗಳು ಈ ವಿಷಯದಲ್ಲಿ ಠಾಣೆಗಳಿಗಿಂತ ಮುಂದಿದ್ದವು. 1894ರ ಕಾರಾಗೃಹ ಕಾಯಿದೆಯು ಹೆಣ್ಣು ಕೈದಿಗಳ ತಪಾಸಣೆಯನ್ನು ‘ಮೇಟ್ರನ್’ ಮಾಡಬೇಕೆಂದು ಹೇಳಿತು. ಅದು ಹುದ್ದೆ, ಅದಕ್ಕೆ ಸಂಬಳವುಂಟು.

ಬೆಟಗೇರಿಯ ಕಥೆ ಇನ್ನೊಂದು ಬಗೆಯದು. ನೇಕಾರರ ಊರೆಂದು ಹೆಸರಾದ ಬೆಟಗೇರಿಯ ಮಗ್ಗುಲಿಗೆ ‘ಸೆಟ್ಲಮೆಂಟ್’ ಎಂಬ ಭಾಗವಿದೆ. ಹುಬ್ಬಳ್ಳಿಯಲ್ಲೂ ಇದೇ ಹೆಸರಿನ ಭಾಗವುಂಟು. ಹೆಸರಿನ ಮೂಲ ಅನೇಕರಿಗೆ ಮರೆತಿದೆ. 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾಗಿ 1911ರಲ್ಲಿ ದೇಶದ ಉಳಿದ ಭಾಗಗಳಿಗೂ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯಂತೆ, ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡು ಬೇಲಿಯೊಳಗೆ ಇರಿಸಿದ ವಸಾಹತುಗಳಿವು. ಹಾಜರಿ ಕೂಗಿದಾಗ ನಿಲ್ಲಬೇಕು, ಹೊರಗೆ ಹೋಗಲು ಪರವಾನಗಿ ಚೀಟಿ ಬೇಕು. ಆ ಬೇಲಿಯೊಳಗೆ ಹೆಂಗಸರೂ ಇದ್ದರು, ಮಕ್ಕಳೂ ಇದ್ದರು. ಠಾಣೆಯ ಹೆಂಗಸಿನ ಇತಿಹಾಸ ಬರೆಯುವಾಗ ಠಾಣೆಯವರು ಎಣಿಸಿದ ಈ ಹೆಂಗಸರನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 1952ರ ಆಗಸ್ಟ್ 31ರಂದು ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಸೆಟ್ಲಮೆಂಟಿನ ಕಡೆಯಿಂದ ಬಂದ ಹುಡುಗಿಯರಿಗೂ ನಾನು ಪಾಠ ಹೇಳಿದ್ದೇನೆ. ಪೊಲೀಸ್ ನೇಮಕಾತಿಗೆ ಅರ್ಜಿ ಹಾಕುತ್ತೇನೆಂದು ಅವರಲ್ಲೊಬ್ಬಳು ಹೇಳಿದಾಗ ತರಗತಿಯಲ್ಲಿ ಕೆಲವರು ನಕ್ಕರು. ನಾನು ಆ ದಿನದ ಪಾಠ ಬಿಟ್ಟು ಮೇಲಿನ ಕಾಯಿದೆಯ ಕಥೆ ಹೇಳಿದೆ.

ಖಾಕಿಯಿಲ್ಲದೆಯೇ ಪೊಲೀಸರ ಕೆಲಸ ಮಾಡಿದ ಹೆಂಗಸರ ಒಂದು ಉದಾಹರಣೆ ನಮ್ಮ ಭಾಗದಲ್ಲಿಯೇ ಇದೆ. ಅದನ್ನು ಯಾರೂ ಈ ದೃಷ್ಟಿಯಿಂದ ಹೇಳಿದ್ದನ್ನು ನಾನು ಕೇಳಿಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಡಾ. ನಾ.ಸು. ಹರ್ಡೀಕರರ ಸೇವಾದಳದ ಮಹಿಳಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದ ಈ ತಾಯಿ ಮನೆಮನೆ ತಿರುಗಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರನ್ನಾಗಿ ಸೇರಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಹೊಸ್ತಿಲು ದಾಟಿದರೆ ನಾಲ್ಕು ಜನ ನೋಡುತ್ತಿದ್ದ ಆ ಕಾಲದಲ್ಲಿ ಸಾವಿರಾರು ಜನರ ನಡುವೆ ಶಿಸ್ತಿನಿಂದ ನಿಂತು ಸೇವೆ ಮಾಡುವುದೆಂದರೆ ಏನು? ಜನಸಂದಣಿಯಲ್ಲಿ ದಾರಿ ಮಾಡಿಸುವುದು, ಹೆಂಗಸರು ಮಕ್ಕಳನ್ನು ನೋಡಿಕೊಳ್ಳುವುದು. ಇಂದಿನ ಠಾಣೆಯ ಭಾಷೆಯಲ್ಲಿ ಇದಕ್ಕೆ ‘ಬಂದೋಬಸ್ತ್’ ಎನ್ನುತ್ತಾರೆ. 1932ರಲ್ಲಿ ಸರಕಾರ ಉಮಾಬಾಯಿಯವರನ್ನು ಬಂಧಿಸಿ ಯರವಡಾ ಸೆರೆಮನೆಗೆ ಕಳಿಸಿತು. ಸತ್ಯಾಗ್ರಹದ ಕಾಲದಲ್ಲಿ ಹೆಂಗಸರು ಸಾಲುಸಾಲಾಗಿ ಬೀದಿಗೆ ಬಂದಾಗ ಸರಕಾರಕ್ಕೆ ಮತ್ತೆ ಅದೇ ಹಳೆಯ ತೊಡಕು ಎದುರಾಯಿತು: ಇವರನ್ನು ಮುಟ್ಟುವವರು ಯಾರು?

ಬೇರೆ ದೇಶಗಳಲ್ಲಿ ಆ ಹೊತ್ತಿಗೆ ಉತ್ತರ ಹುಡುಕಿದ್ದರು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1910ರಲ್ಲಿ ಆಲಿಸ್ ಸ್ಟೆಬಿನ್ಸ್ ವೆಲ್ಸ್ ಪೊಲೀಸಳಾಗಿ ನೇಮಕಗೊಂಡಳು. ಪೊಲೀಸರಿಗೆ ಟ್ರಾಮಿನಲ್ಲಿ ಚೀಟಿಯಿಲ್ಲದೆ ಹೋಗುವ ಸವಲತ್ತಿತ್ತು. ಅವಳು ಬಿಲ್ಲೆ ತೋರಿಸಿದರೆ ಕಂಡಕ್ಟರರು ಗಂಡನ ಬಿಲ್ಲೆ ತಂದಿದ್ದಾಳೆಂದು ದೂರಿದರಂತೆ. ಆಮೇಲೆ ಅವಳಿಗೆ ಬೇರೆಯೇ ಬಿಲ್ಲೆ ಮಾಡಿಸಿದರು. (‘ಗೌಡತಿ’ಯ ಸಮಸ್ಯೆ ಅಲ್ಲಿಯೂ ಇತ್ತೆಂದಾಯಿತು!) ಇಂಗ್ಲೆಂಡಿನಲ್ಲಿ 1915ರಲ್ಲಿ, ಮಹಾಯುದ್ಧದ ನಡುವೆ, ಗ್ರಾಂಥಮ್ ಎಂಬ ಊರಿನಲ್ಲಿ ಈಡಿತ್ ಸ್ಮಿತ್ ದಸ್ತಗಿರಿಯ ಅಧಿಕಾರ ಪಡೆದಳು. ನಮ್ಮ ದೇಶದಲ್ಲಿ ತಿರುವಾಂಕೂರು, ಕಾನಪುರಗಳಲ್ಲಿ ಅಲ್ಪಸ್ವಲ್ಪ ಪ್ರಯೋಗ ನಡೆದದ್ದು 1930ರ ದಶಕದಲ್ಲಿ.

ನಮ್ಮ ಸೀಮೆಯ ಗಡಿಗಳು ಅಳಿಸಿದ್ದು 1948ರಲ್ಲಿ. ಆ ವರ್ಷದ ಮಾರ್ಚಿ 8ರಂದು ಸಾಂಗ್ಲಿ, ಮೀರಜ ಮೊದಲಾದ ದಖ್ಖನಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡ ಜಿಲ್ಲೆಯ ಪಾಲಿಗೆ ಬಂದವು. (ಮಾರ್ಚಿ 8 ಈಗ ಮಹಿಳಾ ದಿನ. ಕಾಕತಾಳೀಯ, ಆದರೂ ಪಾಠ ಹೇಳುವಾಗ ಮಕ್ಕಳಿಗೆ ತಾರೀಖು ನೆನಪಿಡಲು ಅನುಕೂಲವಾಗುತ್ತಿತ್ತು.) ಮುಂಡರಗಿಯಲ್ಲಿ ಆಗ ಬೇರೊಂದು ಬಿಸಿ. ನಿಜಾಮನ ರಜಾಕಾರರ ಹಾವಳಿಗೆ ಎದುರಾಗಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಸಿದ ಶಿಬಿರ ಅಲ್ಲಿತ್ತು. ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾದ ಮೇಲೆ ಮುಂಡರಗಿಯ ಆ ಗಡಿಯೂ ಅಂತರರಾಷ್ಟ್ರೀಯವಾಗಿ ಉಳಿಯಲಿಲ್ಲ. ಪೊಲೀಸರ ಪಟ್ಟಿಗಳು ಒಂದಾದವು. ಠಾಣೆಯ ಒಳಗೆ ಮಾತ್ರ ಎಲ್ಲ ಹಿಂದಿನಂತೆಯೇ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ನಮ್ಮಂಥ ಹುಡುಗಿಯರಿಗೆ ಎರಡೇ ದಾರಿ: ಮಾಸ್ತರಿಕೆ, ಇಲ್ಲವೇ ನರ್ಸು. ನಾನು ಬಿ.ಇಡಿ. ಮಾಡಿ ಮೊದಲನೆಯದನ್ನು ಹಿಡಿದೆ. ದೂರದಲ್ಲಿ ಮಾತ್ರ ಬೇರೆ ಸುದ್ದಿಗಳಿದ್ದವು. 1972ರಲ್ಲಿ ಕಿರಣ್ ಬೇಡಿ ಐ.ಪಿ.ಎಸ್. ಸೇರಿದರು. 1973ರ ಅಕ್ಟೋಬರ್ 27ರಂದು ಕೇರಳದ ಕೋಳಿಕ್ಕೋಡಿನಲ್ಲಿ ಮಹಿಳೆಯರೇ ನಡೆಸುವ ಠಾಣೆಯನ್ನು ಇಂದಿರಾ ಗಾಂಧಿ ಉದ್ಘಾಟಿಸಿದರು. 1975ರ ತಂಡದ ಜೀಜಾ ಹರಿಸಿಂಗ್ ಕರ್ನಾಟಕಕ್ಕೆ ಬಂದ ಮೊದಲ ಮಹಿಳಾ ಐ.ಪಿ.ಎಸ್. ಅಧಿಕಾರಿ, 2011ರಲ್ಲಿ ಡಿ.ಜಿ.ಪಿ. ದರ್ಜೆಯಲ್ಲಿ ನಿವೃತ್ತರಾದರು. ಗದಗಿನ ಪಾಲಿಗೆ ಇವೆಲ್ಲ ವೃತ್ತಪತ್ರಿಕೆಯ ಸಂಗತಿಗಳು. ನಿಜವಾದ ಒತ್ತಡ ಬಂದದ್ದು ನ್ಯಾಯಾಲಯದಿಂದ. ಮುಂಬಯಿಯ ಲಾಕಪ್ಪುಗಳಲ್ಲಿ ಹೆಣ್ಣು ಕೈದಿಗಳ ಸ್ಥಿತಿಯನ್ನು ಕುರಿತು ಪತ್ರಕರ್ತೆ ಶೀಲಾ ಬರ್ಸೆ ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡ ಸರ್ವೋಚ್ಚ ನ್ಯಾಯಾಲಯ, 1983ರಲ್ಲಿ, ಹೆಣ್ಣು ಆರೋಪಿಗಳಿಗೆ ಪ್ರತ್ಯೇಕ ಲಾಕಪ್ ಇರಬೇಕು, ಅವಕ್ಕೆ ಮಹಿಳಾ ಪೊಲೀಸರ ಕಾವಲಿರಬೇಕು, ವಿಚಾರಣೆಯೂ ಮಹಿಳಾ ಪೊಲೀಸರ ಸಮ್ಮುಖದಲ್ಲಿಯೇ ನಡೆಯಬೇಕು ಎಂದಿತು. ಅದೇ ವರ್ಷ ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆಂದ 498-ಎ ಕಲಮು ಬಂತು. ‘ಇನ್ನೊಬ್ಬ ಹೆಂಗಸು’ ಎಂದಷ್ಟೇ ಹೇಳುತ್ತಿದ್ದ ಕಾನೂನು ‘ಮಹಿಳಾ ಪೊಲೀಸ್’ ಎಂದು ಹೆಸರಿಟ್ಟು ಕೇಳಲು ತೊಡಗಿತು. ಓಣಿಯಿಂದ ಕರೆಸಿದರೆ ಇನ್ನು ನಡೆಯುವಂತಿರಲಿಲ್ಲ.

ನಮ್ಮ ಭಾಗಕ್ಕೆ ಬಾಗಿಲು ತೆರೆದದ್ದು, ನನ್ನ ಅಭಿಪ್ರಾಯದಲ್ಲಿ, 1997ರಲ್ಲಿ. ಆ ವರ್ಷ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆ ಆಯಿತು. ಜಿಲ್ಲೆಯೆಂದರೆ ಜಿಲ್ಲಾಧಿಕಾರಿಗಳ ಕಚೇರಿಯ ಹೊಸ ಕಟ್ಟಡವೆಂದಷ್ಟೇ ನಾವೆಲ್ಲ ತಿಳಿದಿದ್ದೆವು. ಆದರೆ ಸಿವಿಲ್ ಪೇದೆಗಳ ನೇಮಕಾತಿ ಜಿಲ್ಲಾ ಘಟಕವಾರು ನಡೆಯುತ್ತದೆ. ಮುಂಡರಗಿ ತಾಲೂಕಿನ ಹುಡುಗಿ ತನ್ನ ಜಿಲ್ಲೆಯಲ್ಲಿಯೇ ಅರ್ಜಿ ಹಾಕಿ, ತನ್ನ ಜಿಲ್ಲೆಯಲ್ಲಿಯೇ ನೌಕರಿ ಮಾಡಬಹುದು ಎಂದಾದಾಗ ತಂದೆತಾಯಿಗಳ ಲೆಕ್ಕಾಚಾರ ಬದಲಾಗುತ್ತದೆ. ಪಿ.ಯು.ಸಿ. ವಿದ್ಯಾರ್ಹತೆ ಬೇಕು, ಪಿ.ಯು. ಕಾಲೇಜುಗಳು ತಾಲೂಕಿನ ಊರುಗಳಿಗೆ ಬಂದಿದ್ದವು. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಉಚಿತ ಸೈಕಲ್ ಕೊಡತೊಡಗಿತು. ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ಸೈಕಲ್ ತುಳಿದ ಕಾಲಿಗೆ ಓಟ ಕಷ್ಟವಲ್ಲ. ಪೊಲೀಸ್ ಇಲಾಖೆಯ ಇತಿಹಾಸಕಾರರು ಈ ಸೈಕಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ, ಶಾಲೆಯ ಗೇಟಿನಲ್ಲಿ ನಿಂತು ನೋಡಿದ ನಾನು ತೆಗೆದುಕೊಳ್ಳುತ್ತೇನೆ.

ಓಟವೆಂದೆ. ಪೇದೆಯ ಹುದ್ದೆಗೆ ಮಹಿಳೆಯರಿಗೆ ಗೊತ್ತುಪಡಿಸಿದ ದೇಹದಾರ್ಢ್ಯ ಪರೀಕ್ಷೆಯ ಅಳತೆಗಳು ಹೀಗಿವೆ: ಎತ್ತರ 157 ಸೆಂಟಿಮೀಟರ್, ತೂಕ 45 ಕಿಲೋ, 400 ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕು, ಉದ್ದ ಜಿಗಿತ ಎರಡೂವರೆ ಮೀಟರ್, ಇಲ್ಲವೇ ಎತ್ತರ ಜಿಗಿತ 0.90 ಮೀಟರ್, ನಾಲ್ಕು ಕಿಲೋ ಗುಂಡನ್ನು 3.75 ಮೀಟರ್ ಎಸೆಯಬೇಕು. ಎತ್ತರ ಸಾಲದೆ ಹಿಂತಿರುಗಿದವರು ಅನೇಕರು. ಮನೆಯಲ್ಲಿ ಗಂಡುಮಕ್ಕಳು ಉಂಡು ಮಿಕ್ಕಿದ್ದನ್ನು ಉಣ್ಣುವ ಹುಡುಗಿಗೆ ಆ ಕೊನೆಯ ಎರಡು ಸೆಂಟಿಮೀಟರ್ ಎಲ್ಲಿಂದ ಬರಬೇಕು? ಇದು ನಾನು ಯಾವ ಪುಸ್ತಕದಲ್ಲೂ ಓದದೆ ನೋಡಿ ತಿಳಿದದ್ದು.

ತುಂಗಭದ್ರೆಯ ದಂಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಮಾತನ್ನು ಇಲ್ಲಿ ಹೇಳಬೇಕು. ಹೆಸರು ಬೇಡ. ಬೆಳಗಿನ ಜಾವ ತಮ್ಮನನ್ನು ಕಾವಲಿಗೆ ನಿಲ್ಲಿಸಿಕೊಂಡು ಹೊಲದ ದಾರಿಯಲ್ಲಿ ಓಡಿ ಅಭ್ಯಾಸ ಮಾಡಿದವಳು. ಎರಡನೆಯ ಪ್ರಯತ್ನದಲ್ಲಿ ಪೇದೆಯಾದಳು. ತರಬೇತಿ ಮುಗಿಸಿ ಬಂದಾಗ ಅವಳ ತಾಯಿಗೆ ಸಮಾಧಾನಕ್ಕಿಂತ ಚಿಂತೆ ಹೆಚ್ಚು, “ಪೊಲೀಸಿಗೆ ವರ ಎಲ್ಲಿ ಹುಡುಕೂಣ ಅಕ್ಕೋರ?” ಎಂದು ನನ್ನನ್ನೇ ಕೇಳಿದ್ದರು. ಅವಳ ಮೊದಲ ದೊಡ್ಡ ಕೆಲಸ ಕಳ್ಳನನ್ನು ಹಿಡಿಯುವುದಾಗಿರಲಿಲ್ಲ. ಮೈ ಸುಟ್ಟುಕೊಂಡ ಒಬ್ಬ ಹೆಂಗಸಿನ ಹತ್ತಿರ ಆಸ್ಪತ್ರೆಯಲ್ಲಿ ರಾತ್ರಿ ಕುಳಿತಿರುವುದು. ಹಗಲಿನಲ್ಲಿ ಗಂಡನ ಕಡೆಯವರು ಸುತ್ತ ನಿಂತಿದ್ದಾಗ, ಕೇಳಲು ಬಂದ ಜಮಾದಾರರಿಗೆ ಆ ಹೆಂಗಸು “ಸ್ಟೋವ್ ಸಿಡೀತ್ರಿ” ಎಂದಷ್ಟೇ ಹೇಳಿದ್ದಳಂತೆ. ರಾತ್ರಿ ಎರಡು ಗಂಟೆಗೆ ನೀರು ಕೇಳಿದಳು. ನೀರು ಕುಡಿಸಿದ ಈ ಹುಡುಗಿಯ ಕೈ ಹಿಡಿದು ಬೇರೆ ಮಾತು ಹೇಳಿದಳು. ಹುಡುಗಿ ಫೌಜದಾರರಿಗೆ ತಿಳಿಸಿದಳು, ಬೆಳಗಾಗುವ ಮೊದಲು ತಹಶೀಲ್ದಾರರು ಬಂದು ಹೇಳಿಕೆ ಬರೆದುಕೊಂಡರು. “ನಾ ಏನೂ ಕೇಳಿರಲಿಲ್ಲ ಟೀಚರ್, ಬರೇ ಕುಂತಿದ್ದೆ” ಎಂದಳು ನನ್ನ ಮುಂದೆ. ಮಹಿಳಾ ಪೊಲೀಸರು ಏಕೆ ಬೇಕು ಎಂದು ಯಾರಾದರೂ ವಾದ ಮಾಡಿದರೆ ನಾನು ಅಂಕಿಸಂಖ್ಯೆ ಹೇಳುವುದಿಲ್ಲ, ಆ ಗಂಟೆಯನ್ನು ಹೇಳುತ್ತೇನೆ.

ಆಮೇಲಿನ ಕಾನೂನುಗಳು ಈ ‘ಕುಳಿತಿರುವ’ ಕೆಲಸವನ್ನೇ ಬರಹಕ್ಕಿಳಿಸಿದವು. 2006ರಿಂದ, ಸೂರ್ಯಾಸ್ತದ ನಂತರ ಹೆಂಗಸನ್ನು ಬಂಧಿಸುವುದು ಅನಿವಾರ್ಯವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಮಾಡಬೇಕೆಂದಾಯಿತು. ದಿಲ್ಲಿಯ ಘೋರ ಘಟನೆಯ ನಂತರದ 2013ರ ತಿದ್ದುಪಡಿಯಂತೆ ಅತ್ಯಾಚಾರಕ್ಕೆ ಒಳಗಾದವಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. 2012ರ ಪೋಕ್ಸೊ ಕಾಯಿದೆಯಂತೂ ಇನ್ನೂ ಸೂಕ್ಷ್ಮ: ಮಗುವಿನ ಹೇಳಿಕೆಯನ್ನು ಸಾಧ್ಯವಾದ ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು, ಆಗ ಅವಳು ಸಮವಸ್ತ್ರದಲ್ಲಿ ಇರಬಾರದು. ಅಷ್ಟು ಕಷ್ಟಪಟ್ಟು ತೊಟ್ಟ ಖಾಕಿಯನ್ನು ಮಗುವಿನ ಮುಂದೆ ಕಳಚಿಡಬೇಕು!

ಖಾಕಿಯ ಮಾತು ಬಂದದ್ದರಿಂದ ಸೀರೆಯ ಮಾತೂ ಬರಲಿ. ನಮ್ಮ ಜಾತ್ರೆಗಳಲ್ಲಿ, ಗದಗಿನ ತೋಂಟದಾರ್ಯ ಮಠದ ತೇರಿರಲಿ, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯಿರಲಿ, ಖಾಕಿ ಸೀರೆಯುಟ್ಟು ಹಗ್ಗ ಹಿಡಿದು ನಿಂತ ಮಹಿಳಾ ಪೇದೆಯರನ್ನು ನಾವೆಲ್ಲ ನೋಡಿದ್ದೇವೆ. ನೂಕುನುಗ್ಗಲಿನಲ್ಲಿ ನೆರಿಗೆ ಹಿಡಿಯಬೇಕೋ ಹಗ್ಗ ಹಿಡಿಯಬೇಕೋ ತಿಳಿಯದ ಪಾಡು. ನೀಲಮಣಿ ಎನ್. ರಾಜು ಅವರು 2017ರ ಅಕ್ಟೋಬರ್ ಕೊನೆಯಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅವರ ಕಾಲದಲ್ಲಿ, 2018ರ ಅಕ್ಟೋಬರಿನಲ್ಲಿ, ಕರ್ತವ್ಯದ ಮೇಲಿರುವ ಮಹಿಳೆಯರು ಸೀರೆಯ ಬದಲು ಪ್ಯಾಂಟು ಶರ್ಟು ಧರಿಸಬೇಕೆಂಬ ಆದೇಶ ಹೊರಟಿತು. ಹೂ ಮುಡಿಯುವುದು, ಬಳೆ ತೊಡುವುದರ ಬಗೆಗೂ ಸೂಚನೆಗಳಿದ್ದವು. ಹೂವಿನ ವಿಷಯಕ್ಕೆ ನನ್ನ ಪೂರ್ಣ ಸಮ್ಮತಿಯಿಲ್ಲ. ಪ್ಯಾಂಟಿಗೆ ಇದೆ.

ಡಿ. ರೂಪಾ ಅವರು ಗದಗ ಜಿಲ್ಲೆಯ ಎಸ್.ಪಿ. ಆಗಿ ಬಂದದ್ದು ಅದಕ್ಕೂ ಮೊದಲು, 2008ರ ಸುಮಾರಿಗೆ. ದಾವಣಗೆರೆಯ ಕನ್ನಡದ ಹೆಣ್ಣುಮಗಳು, 2000ದ ತಂಡದವರು. ಮುಂದೆ 2017ರಲ್ಲಿ ಪರಪ್ಪನ ಅಗ್ರಹಾರ ಸೆರೆಮನೆಯ ಅವ್ಯವಹಾರಗಳ ಬಗ್ಗೆ ವರದಿ ಕೊಟ್ಟು ದೇಶಕ್ಕೆಲ್ಲ ಪರಿಚಿತರಾದರು. ನನ್ನ ತರಗತಿಯಲ್ಲಿ ‘ಮುಂದೆ ಏನಾಗುತ್ತೀರಿ’ ಎಂದು ಕೇಳಿದರೆ ಹುಡುಗಿಯರು ‘ಟೀಚರ್’ ಎನ್ನುವುದು ಆ ವರ್ಷಗಳಲ್ಲಿ ಕಡಿಮೆಯಾಯಿತು. ನನಗೆ ತುಸು ಬೇಸರವಾದದ್ದೂ ಉಂಟು, ಸಂತೋಷವೇ ಹೆಚ್ಚು.

ಹಾಗೆಂದು ಎಲ್ಲವೂ ಸರಿಹೋಯಿತೆಂದು ಬರೆಯಲಾರೆ. ಪ್ರತಿ ಠಾಣೆಯಲ್ಲಿ ಕನಿಷ್ಠ ಮೂವರು ಮಹಿಳಾ ಸಬ್ ಇನ್ಸ್‌ಪೆಕ್ಟರರು, ಹತ್ತು ಮಂದಿ ಮಹಿಳಾ ಪೇದೆಯರು ಇರಬೇಕು, ಒಟ್ಟಾರೆ ಮಹಿಳೆಯರ ಪ್ರಮಾಣ ಶೇಕಡಾ 33ಕ್ಕೆ ಏರಬೇಕು ಎಂದು ಕೇಂದ್ರ ಗೃಹ ಸಚಿವಾಲಯ 2013ರಲ್ಲಿ ರಾಜ್ಯಗಳಿಗೆ ಸಲಹೆ ಮಾಡಿತು. ಕರ್ನಾಟಕದಲ್ಲಿ ನೇಮಕಾತಿಯ ಪಾಲನ್ನು ಶೇಕಡಾ 20ರಿಂದ 25ಕ್ಕೆ ಏರಿಸಿದರು. ತಾಲೂಕಿನ ಠಾಣೆಗಳಲ್ಲಿ ಆ ಹತ್ತು ಮತ್ತು ಮೂರರ ಲೆಕ್ಕ ಇನ್ನೂ ದೂರದ ಮಾತು. ಇದ್ದ ಒಬ್ಬಿಬ್ಬರನ್ನೇ ಬಂದೋಬಸ್ತಿಗೆ, ಕೋರ್ಟಿಗೆ, ಆಸ್ಪತ್ರೆಗೆ, ರಾತ್ರಿ ಬಂದ ದೂರಿಗೆ ಕಳಿಸುತ್ತಾರೆ. ಹೆಂಗಸರು ಮುಂದೆ ನಿಂತ ಚಳವಳಿಗಳು ನಮ್ಮಲ್ಲಿ ಕಡಿಮೆಯೇನಲ್ಲ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರಖಾನೆಗೆ ಭೂಮಿ ಕೊಡೆವೆಂದು ರೈತರು ಎದ್ದು ನಿಂತರು. ತೋಂಟದ ಸಿದ್ಧಲಿಂಗ ಶ್ರೀಗಳು ಬೆಂಬಲಕ್ಕೆ ನಿಂತ ಆ ಹೋರಾಟ ಗೆದ್ದಿತು. 2016ರ ಜುಲೈನಲ್ಲಿ ಮಹದಾಯಿ ಚಳವಳಿಯ ಹೊತ್ತಿಗೆ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು ಮುದುಕರೆನ್ನದೆ ಹೊಡೆದದ್ದನ್ನು ಟೀವಿಯಲ್ಲಿ ಕಂಡೆವು. ಸಾಕಷ್ಟು ಮಹಿಳಾ ಪೊಲೀಸರು ಇದ್ದಿದ್ದರೆ ಅದು ನಡೆಯುತ್ತಿರಲಿಲ್ಲವೆಂದು ಹೇಳುವಷ್ಟು ಮುಗ್ಧೆ ನಾನಲ್ಲ. ಆಜ್ಞೆ ಕೊಡುವವರು ಬೇರೆ, ಲಾಠಿ ಹಿಡಿಯುವವರು ಬೇರೆ.

ಇದರ ಮೇಲೆ ಪರೀಕ್ಷೆಗಳ ಗೋಳು. 2021ರ ಅಕ್ಟೋಬರ್ 3ರಂದು 545 ಪಿ.ಎಸ್.ಐ. ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಅದನ್ನು ರದ್ದು ಮಾಡಿದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷ ಗಂಡುಹುಡುಗರಿಗೂ ನಷ್ಟವೇ. ಆದರೆ ‘ಈ ಒಂದು ವರ್ಷ ನೋಡೋಣ, ಆಮೇಲೆ ಮದುವೆ’ ಎಂದು ಮನೆಯವರನ್ನು ಒಪ್ಪಿಸಿ ಓದುತ್ತಿದ್ದ ಹುಡುಗಿಯರಿಗೆ ಆ ಎರಡು ವರ್ಷಗಳ ಬೆಲೆಯೇ ಬೇರೆ. ಗದಗಿನ ಗ್ರಂಥಾಲಯದಲ್ಲಿ ಓದುತ್ತಿದ್ದ ಇಬ್ಬರು ಹಳೆಯ ವಿದ್ಯಾರ್ಥಿನಿಯರು ಆ ಅವಧಿಯಲ್ಲಿ ಮದುವೆಯಾಗಿ ಹೋದರು. ಪುಸ್ತಕಗಳನ್ನು ನನ್ನ ಮನೆಯಲ್ಲಿ ಇಟ್ಟು ಹೋದರು.

ತುಂಗಭದ್ರೆಯ ದಂಡೆಯ ಆ ಹುಡುಗಿಗೆ ಈಗ ಇಬ್ಬರು ಮಕ್ಕಳು. ವರ ಸಿಕ್ಕಿದ್ದ, ಅವನೂ ಸರಕಾರಿ ನೌಕರನೇ. ರಾತ್ರಿ ಪಾಳಿ ಇದ್ದಾಗ ಅತ್ತೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ. “ನಮ್ಮ ಸೊಸಿ ಪೊಲೀಸ್” ಎಂದು ಬಸ್ಸಿನಲ್ಲಿ ಜಾಗ ಹಿಡಿಯುವಾಗ ಹೇಳುತ್ತಾರೆಂದು ಅವಳೇ ನಕ್ಕು ಹೇಳಿದಳು. ದೂರಶಿಕ್ಷಣದಲ್ಲಿ ಪದವಿ ಮುಗಿಸಿದ್ದಾಳೆ, ಸೇವೆಯಲ್ಲಿರುವವರ ಕೋಟಾದಲ್ಲಿ ಪಿ.ಎಸ್.ಐ. ಪರೀಕ್ಷೆಗೆ ಕುಳಿತುಕೊಳ್ಳುವ ಯೋಚನೆಯಿದೆಯಂತೆ. ಕಳೆದ ತಿಂಗಳು ಫೋನು ಮಾಡಿ, ಕರ್ನಾಟಕದ ಇತಿಹಾಸದ ಟಿಪ್ಪಣಿಗಳೇನಾದರೂ ನಿಮ್ಮ ಹತ್ತಿರ ಇವೆಯೇ ಟೀಚರ್ ಎಂದು ಕೇಳಿದಳು. ಚಾಲುಕ್ಯರಿಂದ ಏಕೀಕರಣದವರೆಗಿನ ಕೈಬರಹದ ಎರಡು ನೋಟ್‌ಬುಕ್ಕುಗಳಿದ್ದವು, ಮುಂಡರಗಿಯ ಬಸ್ಸಿನಲ್ಲಿ ಕಳಿಸಿಕೊಟ್ಟೆ.